ತರಬೇತಿ ಸಭಾಂಗಣದಲ್ಲೋ, ಗೋದಾಮಿನಲ್ಲೋ?



ಕಳೆದ ಆಡಳಿತ ಮಂಡಳಿ ಸಭೆಯಲ್ಲಿ ಒಂದು ವಿಷಯ ಇತ್ಯರ್ಥವಾಗದೆ ಉಳಿಯಿತು. ಸಂಘದ ಶಾಖಾ ವ್ಯವಸ್ಥಾಪಕರಿಗೆ ಮತ್ತು ಹೊಸ ಸಿಬ್ಬಂದಿಗೆ ಆಡಳಿತ ತರಬೇತಿ ಕೊಡಿಸಬೇಕು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಹೇಗೆ ಕೊಡಿಸಬೇಕು ಎಂಬಲ್ಲಿ ಮಾತ್ರ ಎರಡು ಪಕ್ಷಗಳಾದವು. ಪಟ್ಟಣದ ಒಳ್ಳೆಯ ಸಂಸ್ಥೆಯೊಂದಕ್ಕೆ ಎಲ್ಲರನ್ನೂ ಮೂರು ದಿನ ಕಳುಹಿಸಿದರೆ ಕೆಲಸ ಮುಗಿಯಿತು ಎಂದು ಕೆಲವರು. ಅದು ಹಣ ಪೋಲು ಮಾಡುವ ದಾರಿ, ಕೆಲಸ ತಾನಾಗಿಯೇ ಕಲಿಸುತ್ತದೆ ಎಂದು ಇನ್ನು ಕೆಲವರು. ಎರಡೂ ಮಾತು ಅರ್ಧ ಸತ್ಯ ಎಂಬುದು ನಮ್ಮ ಅಭಿಪ್ರಾಯ. ವಿಷಯ ಬರಲಿರುವ ಮಹಾಸಭೆಯ ಮುಂದೆ ಬರುವುದರಿಂದ ನಮ್ಮ ವಿಚಾರವನ್ನು ಮೊದಲೇ ಸದಸ್ಯರ ಮುಂದಿಡುತ್ತಿದ್ದೇವೆ.

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಬೇಕು. ಕಳೆದ ಹಂಗಾಮಿನಲ್ಲಿ ನಮ್ಮ ಒಂದು ಶಾಖೆಯ ಗೋದಾಮಿನಲ್ಲಿ ಚೆರಿ ಕಾಫಿಯ ಮೂಟೆಗಳು ಬಿಸಿಯೇರಿ ಮುಗ್ಗಲು ಹಿಡಿದದ್ದು ಹಲವರಿಗೆ ಗೊತ್ತಿದೆ. ಅಲ್ಲಿಯ ವ್ಯವಸ್ಥಾಪಕ ಹೊಸಬ, ಪದವೀಧರ, ಪ್ರಾಮಾಣಿಕ. ತರಬೇತಿಗೆ ಹೋಗಿ ಬಂದ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದ. ಪಾರ್ಚ್‌ಮೆಂಟ್ ಶೇಕಡ 10, ಅರೇಬಿಕಾ ಚೆರಿ ಶೇಕಡ 12, ರೊಬಸ್ಟಾ ಚೆರಿ ಶೇಕಡ 11ರ ತೇವಾಂಶಕ್ಕೆ ಒಣಗಿರಬೇಕೆಂದು ಕೇಳಿದರೆ ಥಟ್ಟನೆ ಹೇಳಬಲ್ಲ. ಆದರೆ ಅವನು ಮೂಟೆಯ ಬಾಯಿ ಬಿಚ್ಚಿ ಮೇಲಿನ ಒಂದು ಹಿಡಿಯನ್ನಷ್ಟೇ ಮೀಟರಿಗೆ ಹಾಕಿದ. ಎರಡು ಕಣದ ಕಾಫಿ ಒಂದೇ ಮೂಟೆಯಲ್ಲಿ ಸೇರಿದ್ದು, ನಡುವಿನದು ಹಸಿಯಾಗಿಯೇ ಇದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ. ಮೂರು ವಾರದ ಮೇಲೆ ವಾಸನೆಯೇ ಹೇಳಿತು. ಸಾಲಿಗೆ ಸಾಲೇ ಇಳಿಸಿ ಮತ್ತೆ ಒಣಗಿಸಬೇಕಾಯಿತು. ದರ ಇಳಿಯಿತು. ನಷ್ಟದಲ್ಲಿ ಸಂಘ ಒಂದು ಪಾಲು ಹೊತ್ತರೂ ಉಳಿದದ್ದು ಸದಸ್ಯರ ತಲೆಗೇ ಬಂತು.

“ಮೀಟರ್ ಸರಿಯಾಗಿಯೇ ತೋರಿಸಿತ್ತು ಸಾರ್” ಎಂದು ಆ ಹುಡುಗ ಕಣ್ಣಲ್ಲಿ ನೀರು ತಂದುಕೊಂಡ. ಪಕ್ಕದಲ್ಲಿದ್ದ ನಮ್ಮ ಹಳೆಯ ದರ್ಜೆಗಾರರು ಹೇಳಿದರು: “ಮೀಟರು ನೀನು ಕೊಟ್ಟದ್ದನ್ನು ಅಳೆಯುತ್ತದೆ ಮಾರಾಯ, ಕೊಡದ್ದನ್ನು ಅಳೆಯುವುದಿಲ್ಲ. ಮೂಟೆಯ ಹೊಟ್ಟೆಗೆ ಕೈ ಹಾಕಬೇಕು. ಹಿಡಿ ಚೆರಿ ತೆಗೆದು ಕಿವಿಯ ಹತ್ತಿರ ಅಲುಗಿಸಿದರೆ ಒಣಗಿದ್ದು ಗಲಗಲ ಅನ್ನುತ್ತದೆ.”

ಆ ದಿನ ನಮಗೆ ನಾಚಿಕೆಯಾದದ್ದು ಹುಡುಗನ ತಪ್ಪಿಗಲ್ಲ. ಈ ಮಾತನ್ನು ಆ ಹಿರಿಯರು ಅವನಿಗೆ ಮೊದಲ ವಾರದಲ್ಲೇ ಹೇಳುವಂತೆ ನಾವು ಏರ್ಪಾಡು ಮಾಡಿರಲಿಲ್ಲ. ಗೋದಾಮಿನ ಬೀಗದ ಕೈ ಕೊಟ್ಟು, ಬೆನ್ನು ತಟ್ಟಿ, ಜೀಪು ಹತ್ತಿ ಬಂದಿದ್ದೆವು. ತಪ್ಪು ಕಾರ್ಯದರ್ಶಿಯದು. ಇನ್ನೊಂದು ಮಾತು: ಆ ದರ್ಜೆಗಾರರು ಬರುವ ಮಾರ್ಚ್ 31ಕ್ಕೆ ನಿವೃತ್ತರಾಗುತ್ತಾರೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂದು ಅಡಿಕೆಯನ್ನು ದೀಪವಿಲ್ಲದಿದ್ದರೂ ಬೆರಳಲ್ಲೇ ವಿಂಗಡಿಸಬಲ್ಲ ಆ ಕೈ ಅವರ ಜೊತೆಗೇ ಮನೆಗೆ ಹೋಗುತ್ತದೆ. ಲೆಕ್ಕಿಗರು ಮುಂದಿನ ವರ್ಷ. ಆದ್ದರಿಂದ ಇದು ಸಾವಕಾಶವಾಗಿ ಚರ್ಚಿಸುವ ವಿಷಯವಲ್ಲ.

ಬೇರೆಯವರು ಹೇಗೆ ಕಲಿಸುತ್ತಾರೆ ಎಂದು ನೋಡಿ ಬರೋಣವೆಂದು ಇಬ್ಬರು ನಿರ್ದೇಶಕರೊಡನೆ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಗಳಿಗೆ ಹೋಗಿದ್ದೆವು. ನಮ್ಮ ಕಾಫಿ ಘಟ್ಟದ್ದು. ಆದರೆ ಅಡಿಕೆಯ ವಿಷಯದಲ್ಲಿ ಹಾನಗಲ್ಲ, ಹಿರೇಕೆರೂರ ಸೀಮೆಯವರು ಈಗ ನಮ್ಮ ಕಸಬಿನ ಬಂಧುಗಳೇ. ಅಲ್ಲದೆ ಖರೀದಿ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕಾದರೆ ಬ್ಯಾಡಗಿಯಂಥ ಮಾರುಕಟ್ಟೆ ಇನ್ನೊಂದಿಲ್ಲ.

ಬ್ಯಾಡಗಿಗೆ ಸೋಮವಾರ ಹೋದೆವು. ಸೋಮವಾರ, ಗುರುವಾರ ಅಲ್ಲಿ ಮೆಣಸಿನಕಾಯಿ ವಹಿವಾಟು. ಪ್ರಾಂಗಣಕ್ಕೆ ಕಾಲಿಡುವ ಮೊದಲೇ ಸೀನು ಬರುತ್ತದೆ. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬ ಗುಣದಿಂದ ಹೆಸರಾಗಿ 2011ರಲ್ಲಿ ಭೌಗೋಳಿಕ ಸೂಚಿಕೆಯನ್ನೂ ಪಡೆದ ಕಾಯಿ ಅದು. ಈಗ ಅಲ್ಲಿ ಕೂಗಿ ಹರಾಜು ಹಾಕುವ ಪದ್ಧತಿ ಹೋಗಿ ಇ-ಟೆಂಡರ್ ಬಂದಿದೆ. ರೈತನ ಪ್ರತಿಯೊಂದು ಲಾಟಿಗೂ ಒಂದು ಸಂಖ್ಯೆ. ವ್ಯಾಪಾರಿಗಳು ಮಾಲು ನೋಡಿ ದರವನ್ನು ಗಣಕಕ್ಕೆ ತುಂಬುತ್ತಾರೆ. ಆದರೆ ಮಾಲು ನೋಡುವ ಕಣ್ಣನ್ನು ಗಣಕ ಕೊಡಲಾರದು. ಅದನ್ನು ಹೇಗೆ ಕಲಿಸುತ್ತೀರಿ ಎಂದು ಒಂದು ಅಡತಿ ಅಂಗಡಿಯ ಹಿರಿಯ ದಿವಾಣಜಿಯವರನ್ನು ಕೇಳಿದೆವು.

“ನೋಡ್ರಿ ಸಾಹೇಬ್ರ, ಹುಡುಗಗ ಬರೇ ಹೇಳಿದ್ರ ಈ ಕಿವೀಲಿ ಬಂದು ಆ ಕಿವೀಲಿ ಹೋಗ್ತೈತ್ರಿ. ಮಾಲು ಅವನ ಕೈಯಾಗ ಕೊಡಬೇಕು, ನಾವು ಬಾಜೂಕ ಕುಂದರಬೇಕು. ದರ ಮೊದಲ ಅವನ ಹೇಳಬೇಕ್ರಿ. ಆಮೇಲೆ ನಾವು ಹೇಳೋದು.”

ಈ ಕೊನೆಯ ಮಾತನ್ನು ಓದುಗರು ಗಮನಿಸಬೇಕು. ದರ ಮೊದಲು ಶಿಷ್ಯ ಹೇಳಬೇಕು, ಗುರು ಆಮೇಲೆ. ಹುಡುಗ ಮೊದಲು ಚೀಲ ಸುರಿಯುತ್ತಾನೆ, ಕಾಯಿ ಆರಿಸುತ್ತಾನೆ, ರಾತ್ರಿ ಪಟ್ಟಿ ಬರೆಯುತ್ತಾನೆ. ಡಬ್ಬಿ ಯಾವುದು ಕಡ್ಡಿ ಯಾವುದು ಎಂಬುದು ಅವನಿಗೆ ಪಾಠದಿಂದ ಬರುವುದಲ್ಲ. ದಿನವೂ ತನ್ನ ಅಂದಾಜನ್ನು ಹಿರಿಯರ ಅಂದಾಜಿನೊಡನೆ ಹೋಲಿಸಿ ನೋಡುತ್ತಾ ಬರುವುದು.

ಈ ಪದ್ಧತಿಯ ದೋಷವನ್ನೂ ಹೇಳಬೇಕು. ಇದು ನಿಧಾನ. ಗುರುವಿನ ಒಳ್ಳೆಯ ಅಭ್ಯಾಸದೊಡನೆ ಕೆಟ್ಟ ಅಭ್ಯಾಸವೂ ಶಿಷ್ಯನಿಗೆ ಬರುತ್ತದೆ. ಏಕೆ ಎಂಬ ಪ್ರಶ್ನೆಗೆ ‘ಹಂಗ ಐತಿ’ ಎಂಬುದೇ ಅನೇಕ ಸಲ ಉತ್ತರ. 2024ರ ಮಾರ್ಚ್ 11ರಂದು ಇದೇ ಪ್ರಾಂಗಣದಲ್ಲಿ ದರ ಕುಸಿಯಿತೆಂದು ಕೆರಳಿದ ರೈತರ ಗುಂಪು ವಾಹನಗಳಿಗೆ ಬೆಂಕಿ ಹಚ್ಚಿ, ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿದ್ದನ್ನು ಎಲ್ಲರೂ ಬಲ್ಲರು. ಅದರ ಕಾರಣಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ದರ ಬಿದ್ದ ದಿನ ಬೆಳೆಗಾರನ ಎದುರು ಮೊದಲು ನಿಲ್ಲುವವರು ಕಿಟಕಿಯ ಹಿಂದಿನ ಗುಮಾಸ್ತರು, ಶಾಖೆಯ ಹುಡುಗರು. ದರ ಏಕೆ ಬಿತ್ತು, ಯಾವ ಲಾಟಿಗೆ ಎಷ್ಟು, ದೂರು ಯಾರಲ್ಲಿ ಹೇಳಬೇಕು ಎಂದು ಶಾಂತವಾಗಿ ವಿವರಿಸುವ ವಿದ್ಯೆ ಅವರಿಗೆ ಬೇಕು. ಸರಕು ಗುರುತಿಸುವ ಕಣ್ಣಿದ್ದ ಮಾತ್ರಕ್ಕೆ ಆ ವಿದ್ಯೆ ಬರುವುದಿಲ್ಲ. ನಮ್ಮಲ್ಲಿ ಅಡಿಕೆ ದರ ಕುಸಿದ ದಿನಗಳನ್ನು ನೆನೆದರೆ ಇದು ಪರರ ಮನೆಯ ಮಾತಲ್ಲವೆಂದು ತಿಳಿದೀತು.

ಮಾರನೆಯ ದಿನ ರಾಣೆಬೆನ್ನೂರು. ಹತ್ತಿ ಮತ್ತು ತರಕಾರಿಗಳ ಸಂಕರಣ ಬೀಜೋತ್ಪಾದನೆಗೆ ಈ ಸೀಮೆ ಪ್ರಸಿದ್ಧ. ಧಾರವಾಡದಲ್ಲಿ ಡಾ. ಕಟರಕಿಯವರು 1972ರಲ್ಲಿ ‘ವರಲಕ್ಷ್ಮಿ’ಯನ್ನೂ 1981ರಲ್ಲಿ ಡಿ.ಸಿ.ಎಚ್. 32 ಎಂಬ ‘ಜಯಲಕ್ಷ್ಮಿ’ಯನ್ನೂ ಕೊಟ್ಟಾಗ ಬೀಜ ತಯಾರಿಸುವ ಕೆಲಸ ಹೊಲಕ್ಕೆ ಬಂತು. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಿ, ಶಲಾಕೆಗೆ ನೋವಾಗದಂತೆ ಕೇಸರಗಳನ್ನು ತೆಗೆದು, ಮುಚ್ಚಿ, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗ ಮುಟ್ಟಿಸಬೇಕು. ಒಂದು ಮೊಗ್ಗು ತಪ್ಪಿದರೆ ಬೀಜ ಬೆರಕೆ. ಇಂಥ ಸೂಕ್ಷ್ಮ ಕೆಲಸವನ್ನು ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳೂ ಕಲಿತರು.

ಹೇಗೆ? ಹೊಲದ ಮೇಲ್ವಿಚಾರಕರು ಒಂದು ಮೊಗ್ಗನ್ನು ತಾವು ಮಾಡಿ ತೋರಿಸುತ್ತಾರೆ. ಎರಡನೆಯದನ್ನು ನಿಧಾನವಾಗಿ, ಪ್ರತಿ ಹೆಜ್ಜೆ ಬಾಯಲ್ಲಿ ಹೇಳುತ್ತಾ ಮಾಡುತ್ತಾರೆ. ಮೂರನೆಯದನ್ನು ಕಲಿಯುವವಳು ಮಾಡಬೇಕು, ಮಾಡುತ್ತಾ ಏನು ಮಾಡುತ್ತಿದ್ದೇನೆಂದು ಅವಳೇ ಹೇಳಬೇಕು. ಆಮೇಲೆ ಅವಳನ್ನು ಸಾಲಿಗೆ ಬಿಟ್ಟು ಹೋಗುತ್ತಾರೆ. ಆದರೆ ಸಂಜೆ ಮತ್ತೆ ಬಂದು ಅವಳ ಸಾಲನ್ನು ನೋಡುತ್ತಾರೆ.

ಇದನ್ನು ನೋಡುವಾಗ ನಮಗೆ ಹಿಂದೆ ಓದಿದ್ದೊಂದು ನೆನಪಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಕೆಲಸ ಗೊತ್ತಿಲ್ಲದ ಜನ ಸಾವಿರಗಟ್ಟಲೆ ಬಂದಾಗ, 1940ರಲ್ಲಿ ಅಲ್ಲಿಯ ಸರ್ಕಾರ ಮೇಸ್ತ್ರಿಗಳಿಗೆ ಕಲಿಸುವ ಕ್ರಮವನ್ನೇ ಕಲಿಸುವ ಯೋಜನೆ ಹೂಡಿತು. ಕಲಿಯುವವನನ್ನು ಸಿದ್ಧಗೊಳಿಸು, ಮಾಡಿ ತೋರಿಸು, ಅವನಿಂದ ಮಾಡಿಸು, ಬಿಟ್ಟು ಮತ್ತೆ ಬಂದು ನೋಡು ಎಂಬ ನಾಲ್ಕೇ ಹೆಜ್ಜೆ. ಯುದ್ಧದ ನಂತರ ಜಪಾನಿನ ಕಾರ್ಖಾನೆಗಳು ಅದನ್ನು ತಮ್ಮದಾಗಿಸಿಕೊಂಡವು. ರಾಣೆಬೆನ್ನೂರಿನ ಹತ್ತಿ ಹೊಲದಲ್ಲಿ ಆ ನಾಲ್ಕೂ ಹೆಜ್ಜೆ ಇದ್ದವು, ಹೆಸರು ಮಾತ್ರ ಇರಲಿಲ್ಲ. ನಮ್ಮ ಗೋದಾಮಿನಲ್ಲಿ ತಪ್ಪಿದ್ದು ನಾಲ್ಕನೆಯ ಹೆಜ್ಜೆ. ನಿಜ ಹೇಳಬೇಕೆಂದರೆ ಎರಡನೆಯದೂ ಮೂರನೆಯದೂ ಕೂಡ.

ಈ ಪದ್ಧತಿಗೂ ಮಿತಿಯುಂಟು. ಹೆಜ್ಜೆ ಹೆಜ್ಜೆಯಾಗಿ ವಿಂಗಡಿಸಬಹುದಾದ ಕೈಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ನಿರ್ದೇಶಕರ ನೆಂಟರು ಹಸಿ ಅಡಿಕೆ ತಂದು ‘ಒಳ್ಳೇ ದರ ಹಾಕಿಕೊಡು’ ಎಂದಾಗ ಶಾಖಾ ವ್ಯವಸ್ಥಾಪಕ ಏನು ಹೇಳಬೇಕು ಎಂಬುದನ್ನು ನಾಲ್ಕು ಹೆಜ್ಜೆಯಲ್ಲಿ ತೋರಿಸಲು ಬಾರದು.

ಹಾವೇರಿಯಲ್ಲಿ ನಾವು ಮೂರನೆಯ ಬಗೆಯನ್ನು ಕಂಡೆವು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲಾ ಕೇಂದ್ರವಾದ ಮೇಲೆ ಸಭೆ, ಶಿಬಿರಗಳಿಗೆ ಆ ಊರಿನಲ್ಲಿ ಬರವಿಲ್ಲ. ಸಹಕಾರ ಸಂಘಗಳ ಸಿಬ್ಬಂದಿಗಾಗಿ ನಡೆದ ಒಂದು ದಿನದ ಶಿಬಿರದಲ್ಲಿ ಹಿಂದಿನ ಸಾಲಿನಲ್ಲಿ ಕುಳಿತೆವು. ಏಲಕ್ಕಿ ಹಾರದ ಊರಾದ್ದರಿಂದ ಅತಿಥಿಗಳಿಗೆ ಏಲಕ್ಕಿ ಹಾರ ಬಿತ್ತು, ಭಾಷಣಗಳಾದವು. ಉಪನ್ಯಾಸಕರು ವಿಷಯ ಬಲ್ಲವರು. ಕಾಯಿದೆಯ ತಿದ್ದುಪಡಿ, ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರಿಸುವ ಬಗೆ, 2017ರಲ್ಲಿ ಬಂದ ಜಿ.ಎಸ್.ಟಿ.ಯ ಲೆಕ್ಕ, ಇವನ್ನೆಲ್ಲ ಚೆನ್ನಾಗಿ ಹೇಳಿದರು. ಇವು ಅಡತಿ ಅಂಗಡಿಯ ಗದ್ದುಗೆಯ ಮೇಲಾಗಲಿ, ಹತ್ತಿಯ ಸಾಲಿನಲ್ಲಾಗಲಿ ಸಿಗುವ ವಿದ್ಯೆಯಲ್ಲ. ತರಗತಿ ಬೇಡವೆನ್ನುವವರು ಇದನ್ನು ಮರೆಯಬಾರದು.

ಆದರೆ ಊಟವಾದ ಮೇಲೆ ಅರ್ಧ ಸಭಾಂಗಣ ತೂಕಡಿಸಿತು. ಸಂಜೆ ಪ್ರಮಾಣಪತ್ರ ಹಂಚಿ ಮುಗಿಸಿದರು. ಒಂದು ತಿಂಗಳ ಮೇಲೆ ಇವರಲ್ಲಿ ಯಾರು ಏನನ್ನು ಬದಲಾಯಿಸಿದರೆಂದು ವಿಚಾರಿಸುವ ಏರ್ಪಾಡು ಕಾಣಲಿಲ್ಲ. ಇನ್ನೊಂದು ಸಂಗತಿಯನ್ನೂ ಕಂಡೆವು. ಆ ದಿನದ ಅತ್ಯಂತ ಉಪಯುಕ್ತ ಮಾತು ನಡೆದದ್ದು ಚಹದ ವಿರಾಮದಲ್ಲಿ. ಕಾರ್ಯದರ್ಶಿಯೊಬ್ಬರು ಸುಸ್ತಿ ಸಾಲದ ಪಟ್ಟಿಯನ್ನು ಓಣಿವಾರು ಮಾಡಿಕೊಂಡು ಹೇಗೆ ವಸೂಲಿ ಮಾಡಿದೆನೆಂದು ಹೇಳುತ್ತಿದ್ದರು. ಸುತ್ತ ನಿಂತವರು ಚಹ ಆರುವುದನ್ನೂ ಮರೆತು ಕೇಳುತ್ತಿದ್ದರು.

ಇಲ್ಲಿಗೆ ನಮ್ಮ ವಾದ ಓದುಗರಿಗೆ ತಿಳಿದಿರಬಹುದು. ಕಾಯಿದೆ, ಲೆಕ್ಕ, ತತ್ವ ಇವಕ್ಕೆ ತರಗತಿ ಬೇಕು. ಕೈಕೆಲಸಕ್ಕೆ ಮಾಡಿ ತೋರಿಸಿ ಮಾಡಿಸುವ ಕ್ರಮ ಬೇಕು. ವಿವೇಚನೆಗೆ ಅನುಭವಿಯ ಪಕ್ಕದಲ್ಲಿ ಕುಳಿತು ಮಾಡುವ ಅಭ್ಯಾಸ ಬೇಕು. ಹೊಸ ಉಪಾಯಗಳಿಗೆ ಒಂದೇ ಕಸಬಿನವರ ಒಡನಾಟ ಬೇಕು. ಹಿರಿಯರು ‘ಓದು ಒಕ್ಕಾಲು, ಬುದ್ಧಿ ಮುಕ್ಕಾಲು’ ಎಂದರು. ಒಕ್ಕಾಲನ್ನು ಅವರು ಸೊನ್ನೆ ಎನ್ನಲಿಲ್ಲ.

ತರಗತಿಯ ಪಾಠವನ್ನು ಕೆಲಸದ ಜಾಗಕ್ಕೆ ಮುಟ್ಟಿಸುವ ಯೋಚನೆ ಹೊಸದೂ ಅಲ್ಲ. 1970ರ ದಶಕದ ಕೊನೆಗೆ ನಮ್ಮ ರಾಜ್ಯಕ್ಕೂ ಬಂದ ‘ತರಬೇತಿ ಮತ್ತು ಭೇಟಿ’ ಯೋಜನೆಯಲ್ಲಿ ಗ್ರಾಮ ಮಟ್ಟದ ಕಾರ್ಯಕರ್ತನಿಗೆ ಹದಿನೈದು ದಿನಕ್ಕೊಮ್ಮೆ ಪಾಠ, ಉಳಿದ ದಿನ ಗೊತ್ತುಪಡಿಸಿದ ರೈತರ ಹೊಲಕ್ಕೆ ಭೇಟಿ ಎಂಬ ನಿಯಮವಿತ್ತು. ಆ ಯೋಜನೆ ಬಹಳ ಕಾಲ ಬಾಳಲಿಲ್ಲ ನಿಜ. ಮೇಲಿನಿಂದ ಬಂದ ಸಂದೇಶವನ್ನೇ ಎಲ್ಲ ಹೊಲಕ್ಕೂ ಒಯ್ದದ್ದು ಅದರ ದೋಷವೆಂದು ನಮ್ಮ ಎಣಿಕೆ. ಆದರೆ ಪಾಠಕ್ಕೂ ಕೆಲಸಕ್ಕೂ ನಡುವೆ ಹದಿನೈದು ದಿನಕ್ಕಿಂತ ಹೆಚ್ಚು ಅಂತರವಿರಬಾರದೆಂಬ ಅದರ ತಿರುಳು ಇಂದಿಗೂ ಗಟ್ಟಿ. 1974ರಲ್ಲಿ ಪಾಂಡಿಚೇರಿಯಲ್ಲಿ ಮೊದಲ ಕೃಷಿ ವಿಜ್ಞಾನ ಕೇಂದ್ರ ತೆರೆದಾಗಲೂ ಮಾಡಿ ಕಲಿಯುವುದನ್ನೇ ತತ್ವವಾಗಿಟ್ಟರು. ರಾಣೆಬೆನ್ನೂರಿನ ಮಗ್ಗುಲಲ್ಲೇ ಹನುಮನಮಟ್ಟಿಯಲ್ಲಿ ಅಂಥ ಕೇಂದ್ರವಿದೆ.

ಸಹಕಾರಿಗಳಿಗಂತೂ ಶಿಕ್ಷಣ ಹುಟ್ಟಿನಿಂದ ಬಂದದ್ದು. 1844ರಲ್ಲಿ ಅಂಗಡಿ ತೆರೆದ ಇಂಗ್ಲೆಂಡಿನ ರಾಚ್‌ಡೇಲ್ ನೇಕಾರರು ಮುಂದೆ ಲಾಭದ ಶೇಕಡ 2.5ನ್ನು ಶಿಕ್ಷಣಕ್ಕೆಂದೇ ತೆಗೆದಿಟ್ಟರು. ನಮ್ಮ 1959ರ ಕಾಯಿದೆಯಲ್ಲೂ ಸಹಕಾರ ಶಿಕ್ಷಣ ನಿಧಿಯುಂಟು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ಕಾಲದಿಂದ ಇಂದಿನವರೆಗೆ ಕೆಲಸದ ಸ್ವರೂಪವೇ ಬದಲಾಗಿದೆ. 2022ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಒಪ್ಪಿಗೆ ಕೊಟ್ಟಿತು. 2025ರಲ್ಲಿ ಆನಂದ್‌ನಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವೇ ಆಯಿತು. ರಾಜ್ಯ ಸಹಕಾರ ಮಹಾಮಂಡಳದ ಡಿಪ್ಲೊಮಾ ಶಿಕ್ಷಣವಿದೆ. ಇವೆಲ್ಲ ನಮಗೆ ಬೇಕು. ಆದರೆ ಆನಂದ್‌ನಿಂದಾಗಲಿ ಬೆಂಗಳೂರಿನಿಂದಾಗಲಿ ಯಾರೂ ಬಂದು ನಮ್ಮ ಗೋದಾಮಿನ ಮೂಟೆಯ ಹೊಟ್ಟೆಗೆ ಕೈ ಹಾಕಿ ತೋರಿಸುವುದಿಲ್ಲ. ಆ ಕೆಲಸ ನಮ್ಮದೇ.

ಆಕ್ಷೇಪಣೆಗಳೂ ಇವೆ. ಕಲಿತ ಹುಡುಗ ಹೆಚ್ಚು ಸಂಬಳಕ್ಕೆ ಖಾಸಗಿ ವ್ಯಾಪಾರಿಯ ಹತ್ತಿರ ಹೋಗುತ್ತಾನೆ ಎಂಬುದು ಒಂದು. ಹೋಗಬಹುದು. ಆದರೆ ಕಲಿಯದ ಹುಡುಗ ನಮ್ಮಲ್ಲೇ ಉಳಿದರೆ ಆಗುವ ನಷ್ಟವನ್ನು ಕಳೆದ ಹಂಗಾಮಿನಲ್ಲಿ ಕಂಡಿದ್ದೇವೆ. ಹಿರಿಯರು ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬುದು ಎರಡನೆಯದು. ನಾವು ಅವರನ್ನು ಎಂದಾದರೂ ಕೇಳಿದ್ದೇವೆಯೇ? ಕಲಿಸುವುದಕ್ಕೆ ಬಿಡುವು ಕೊಟ್ಟಿದ್ದೇವೆಯೇ, ಗೌರವ ತೋರಿದ್ದೇವೆಯೇ? ಕಾರ್ಯದರ್ಶಿಗೆ ಪುರಸೊತ್ತೆಲ್ಲಿ ಎಂಬುದು ಮೂರನೆಯದು. ಇದು ನಾವೇ ಹೇಳಿಕೊಂಡು ಬಂದ ನೆಪವಾದ್ದರಿಂದ ಇದರ ಬೆಲೆ ನಮಗೆ ಗೊತ್ತು.

ತಿದ್ದುವ ಬಗೆಯ ಬಗ್ಗೆ ಒಂದು ಮಾತು. ನಮ್ಮ ತೋಟಗಳಲ್ಲಿ ರೈಟರು, ಮೇಸ್ತ್ರಿಗಳನ್ನು ಹಳಿಗೆ ತರುತ್ತಿದ್ದುದು ಬಹುಮಟ್ಟಿಗೆ ಬೈಗುಳದಿಂದ. ನಾವೂ ಹಾಗೆಯೇ ಬೆಳೆದವರು. ಬೈಸಿಕೊಂಡವನು ತಪ್ಪು ಮಾಡುವುದನ್ನು ಬಿಡುವುದಕ್ಕಿಂತ ಮುಚ್ಚಿಡುವುದನ್ನು ಬೇಗ ಕಲಿಯುತ್ತಾನೆ. ಮೂಟೆಯ ವಾಸನೆ ಬಂದ ದಿನವೇ ಆ ಹುಡುಗ ನಮಗೆ ಹೇಳಲಿಲ್ಲ, ನಾಲ್ಕು ದಿನ ತಡೆದ. ಆ ನಾಲ್ಕು ದಿನದ ನಷ್ಟ ಅವನ ಭಯದ್ದು, ಅಂದರೆ ನಮ್ಮ ಗಂಟಲಿನದು. ದಿವಾಣಜಿಯವರಂತೆ ಮೊದಲು ಅವನ ಅಭಿಪ್ರಾಯ ಕೇಳಿ, ಆಮೇಲೆ ನಮ್ಮದು ಹೇಳಿ, ಎರಡರ ಅಂತರ ಏಕೆ ಬಂತೆಂದು ಇಬ್ಬರೂ ಕೂಡಿ ನೋಡುವುದೇ ಲೇಸು.

ಇನ್ನು ನಮ್ಮ ಸೂಚನೆಗಳು:

1. ನಿವೃತ್ತರಾಗುವ ದರ್ಜೆಗಾರರನ್ನು ಒಂದು ಪೂರ್ಣ ಹಂಗಾಮು ಗೌರವಧನದ ಮೇಲೆ ಉಳಿಸಿಕೊಳ್ಳಬೇಕು. ದರ್ಜೆ ಹೇಳುವುದು ಅವರ ಕೆಲಸವಲ್ಲ. ಶಾಖೆಯ ಹುಡುಗರು ದರ್ಜೆ ಹೇಳಿದ ಮೇಲೆ ತಾವು ಹೇಳುವುದು.

2. ತರಗತಿಗೆ ಎಲ್ಲರನ್ನೂ ಒಟ್ಟಿಗೆ ಅಟ್ಟದೆ, ಕಾಯಿದೆ ಮತ್ತು ಲೆಕ್ಕದ ವಿಷಯಗಳಿಗೆ ಇಬ್ಬಿಬ್ಬರಂತೆ ಕಳುಹಿಸಬೇಕು. ಹಿಂದಿರುಗಿದವರು ಹದಿನೈದು ದಿನದೊಳಗೆ ಉಳಿದವರಿಗೆ ಅದನ್ನು ಹೇಳಿಕೊಡಬೇಕು. ಹೇಳಿಕೊಡಲು ಬಂದರೆ ಮಾತ್ರ ಕಲಿತಂತೆ.

3. ಕಾರ್ಯದರ್ಶಿಯು ಪ್ರತಿ ಶಾಖೆಗೂ ತಿಂಗಳಿಗೆ ಒಂದು ದಿನ ತಪಾಸಣೆಗಲ್ಲದೆ ಕಲಿಸುವುದಕ್ಕೆಂದೇ ಹೋಗಬೇಕು. ಹೋದದ್ದು ಬಿಟ್ಟದ್ದು ಮಂಡಳಿಯ ನಡಾವಳಿಯಲ್ಲಿ ದಾಖಲಾಗಬೇಕು.

4. ಪ್ರತಿ ಶಾಖೆಯಲ್ಲಿ ಒಂದು ತಪ್ಪಿನ ಪುಸ್ತಕವಿರಬೇಕು. ಏನು ತಪ್ಪಿತು, ಹೇಗೆ ಗೊತ್ತಾಯಿತು, ಮುಂದೆ ಏನು ಮಾಡಬೇಕು ಎಂಬ ಮೂರು ಸಾಲು ಸಾಕು. ಅದರಲ್ಲಿ ತಾನೇ ಬರೆದುಕೊಂಡ ತಪ್ಪಿಗೆ ದಂಡನೆ ಕೂಡದು. ವಂಚನೆಯ ಮಾತು ಬೇರೆ.

5. ವರ್ಷಕ್ಕೊಮ್ಮೆ ಶಾಖಾ ವ್ಯವಸ್ಥಾಪಕರು ಒಂದು ವಾರ ಪರಸ್ಪರ ಶಾಖೆ ಬದಲಿಸಿಕೊಳ್ಳಬೇಕು. ಹಾವೇರಿಯ ಚಹದ ವಿರಾಮವನ್ನು ಒಂದು ವಾರಕ್ಕೆ ಹಿಗ್ಗಿಸಿದಂತೆ.

6. ನಿರ್ದೇಶಕರೂ ಕಲಿಯಬೇಕು. ದರ್ಜೆಯ ವಿಷಯದಲ್ಲಿ ಶಾಖೆಗೆ ದೂರವಾಣಿ ಮಾಡಕೂಡದು ಎಂಬುದೇ ಅವರ ಮೊದಲ ಪಾಠ. ಇದು ಕೆಲವರಿಗೆ ಕಹಿಯಾದೀತು, ಆದರೂ ಹೇಳದೆ ವಿಧಿಯಿಲ್ಲ.

ಇವುಗಳಿಗೆ ತಗಲುವ ಹಣ ಕಳೆದ ಹಂಗಾಮಿನ ಒಂದು ಸಾಲು ಮೂಟೆಯ ನಷ್ಟಕ್ಕಿಂತ ಹೆಚ್ಚಾಗದು ಎಂದು ನಮ್ಮ ಲೆಕ್ಕ. ವಿವರವನ್ನು ಮಹಾಸಭೆಯಲ್ಲಿ ಮಂಡಿಸುತ್ತೇವೆ. ಒಪ್ಪದವರು ತಮ್ಮ ಕಾರಣವನ್ನು ಈ ಪತ್ರಿಕೆಗೇ ಬರೆದರೆ ಸಂತೋಷದಿಂದ ಪ್ರಕಟಿಸುತ್ತೇವೆ.

ಸದಸ್ಯರಲ್ಲಿ ಒಂದು ವಿನಂತಿಯುಂಟು. ಈ ಹಂಗಾಮಿನಲ್ಲಿ ಶಾಖೆಯ ಹುಡುಗ ನಿಮ್ಮ ಮೂಟೆಯನ್ನು ಎರಡು ಸಲ, ಮೂರು ಸಲ ನೋಡಿದರೆ, ಮೊದಲು ತಾನೊಂದು ದರ್ಜೆ ಹೇಳಿ ಆಮೇಲೆ ಹಿರಿಯರ ಮುಖ ನೋಡಿದರೆ ಬೇಸರಿಸಬೇಡಿ. ಕಾಲು ಗಂಟೆ ತಡವಾದೀತು. ಅವನು ಕಲಿಯುತ್ತಿರುವುದು ನಿಮ್ಮ ಸರಕಿನ ಮೇಲೆಯೇ, ನಿಮಗಾಗಿಯೇ.

ಕಟ್ಟು ಹಾಕಿಸಿದ ಆ ಪ್ರಮಾಣಪತ್ರ ಈಗಲೂ ಅದೇ ಗೋಡೆಯ ಮೇಲಿದೆ. ತೆಗೆಯಲು ನಾವು ಹೇಳಲಿಲ್ಲ. ಮೊನ್ನೆ ಹೋದಾಗ ಆ ಹುಡುಗ ಮೂಟೆಯೊಂದಕ್ಕೆ ಮೊಣಕೈತನಕ ಕೈ ಇಳಿಸಿ, ಹಿಡಿ ಚೆರಿ ತೆಗೆದು, ಕಿವಿಯ ಬಳಿ ಅಲುಗಿಸುತ್ತಿದ್ದ. ನಮ್ಮನ್ನು ನೋಡಿ, “ಇನ್ನೆರಡು ಬಿಸಿಲು ಬೇಕು ಸಾರ್” ಎಂದ. ಮೀಟರಿಗೆ ಹಾಕಿ ನೋಡಿದೆವು. ಬೇಕಿತ್ತು.

— ಕಾರ್ಯದರ್ಶಿ